ಹಿಡಿದು ಬಿಟ್ಟವನ ಪುಣ್ಯ, ಹಿಡಿದು ತಿಂದವನ ಪಾಪ

ಒಂದು ಹೊಳೆಯ ದಡದಲ್ಲಿ ಇಬ್ಬರು ನಿಂತಿದ್ದಾರೆ ಎಂದು ಭಾವಿಸಿಕೊಳ್ಳಿ. ಇಬ್ಬರೂ ಬಂದಿರುವುದು ಮೀನು ಹಿಡಿಯಲಿಕ್ಕೇ. ಒಬ್ಬ ಹಿಡಿದ ಮೀನನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಾನೆ. ಅಂದು ರಾತ್ರಿ ಅವನ ಮನೆಯಲ್ಲಿ ಮುದ್ದೆಯ ಜೊತೆ ಮೀನಿನ ಸಾರು. ಇನ್ನೊಬ್ಬ ದೂರದ ಊರಿನಿಂದ ಹಣ ಖರ್ಚು ಮಾಡಿ ಬಂದವನು. ಮೀನು ಗಾಳಕ್ಕೆ ಸಿಕ್ಕಿದ ಮೇಲೆ ಅದರೊಂದಿಗೆ ಬಹಳ ಹೊತ್ತು ಸೆಣಸುತ್ತಾನೆ, ದಡಕ್ಕೆ ತರುತ್ತಾನೆ, ತೂಕ ನೋಡುತ್ತಾನೆ, ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾನೆ, ಆಮೇಲೆ ಜೋಪಾನವಾಗಿ ನೀರಿಗೆ ಬಿಡುತ್ತಾನೆ. ಈ ಇಬ್ಬರಲ್ಲಿ ಮೀನಿಗೆ ಅನ್ಯಾಯ ಮಾಡಿದವನು ಯಾರು?

ಪ್ರಶ್ನೆ ಸುಲಭ ಎನಿಸುತ್ತದೆ. ಒಬ್ಬ ಕೊಂದ, ಇನ್ನೊಬ್ಬ ಕೊಲ್ಲಲಿಲ್ಲ. ಆದ್ದರಿಂದ ಎರಡನೆಯವನೇ ಒಳ್ಳೆಯವನು ಎಂದು ತೀರ್ಪು ಕೊಟ್ಟು ಎದ್ದುಬಿಡಬಹುದು. ಆದರೆ ಒಂದು ಕ್ಷಣ ನಿಂತು ಮೊದಲನೆಯವನನ್ನು 'ಯಾಕಪ್ಪಾ ಹಿಡಿದೆ?' ಎಂದು ಕೇಳಿ. 'ಹಸಿವಾಗಿತ್ತು' ಎನ್ನುತ್ತಾನೆ. ಎರಡನೆಯವನನ್ನೂ ಅದೇ ಪ್ರಶ್ನೆ ಕೇಳಿ. 'ಖುಷಿಯಾಗುತ್ತದೆ' ಎನ್ನುತ್ತಾನೆ. ಈಗ ತೀರ್ಪು ಅಷ್ಟು ಸಲೀಸಾಗಿ ಬರುವುದಿಲ್ಲ. ಒಂದು ಜೀವದ ಬಾಯಿಗೆ ಕಬ್ಬಿಣದ ಮುಳ್ಳು ಚುಚ್ಚಲು ಹಸಿವು ಒಂದು ಕಾರಣವಾದೀತು. ಖುಷಿಯೂ ಕಾರಣವಾಗಬಲ್ಲುದೆ?

ನಮ್ಮ ಭಾಷೆಗಳಲ್ಲೇ ಈ ಪ್ರಶ್ನೆ ಸುಪ್ತವಾಗಿದೆ. ಉರ್ದುವಿನಲ್ಲಿ ಮೀನು ಹಿಡಿಯುವುದಕ್ಕೆ 'ಮಛಲಿ ಕಾ ಶಿಕಾರ್' ಎನ್ನುತ್ತೇವೆ. ಹುಲಿಯದೂ ಶಿಕಾರಿ, ಮೀನಿನದೂ ಶಿಕಾರಿ. ಕನ್ನಡದಲ್ಲಿ ಸಾಮಾನ್ಯವಾಗಿ 'ಮೀನು ಹಿಡಿಯುವುದು' ಎಂದಷ್ಟೇ ಹೇಳಿ ಮುಗಿಸುತ್ತೇವೆ, ಅಡಿಕೆ ಹೆಕ್ಕುವಷ್ಟು, ನೀರು ಸೇದುವಷ್ಟು ಸಹಜವಾಗಿ. ಆದರೆ ಅದೇ ಕನ್ನಡ 'ಗಾಳ ಹಾಕುವುದು' ಎಂಬ ಮಾತನ್ನು ಮೋಸಕ್ಕೆ ಬಳಸುತ್ತದೆ. ಒಬ್ಬನನ್ನು ಆಸೆ ತೋರಿಸಿ ಬಲೆಗೆ ಕೆಡವಿದರೆ 'ಗಾಳಕ್ಕೆ ಬಿದ್ದ' ಎನ್ನುತ್ತೇವೆ. ತಿನ್ನುವ ವಸ್ತುವಿನೊಳಗೆ ಮುಳ್ಳು ಅಡಗಿಸಿಡುವುದರಲ್ಲಿ ಏನೋ ಒಂದು ನೈತಿಕ ಕಸಿವಿಸಿ ಇದೆ ಎಂಬುದನ್ನು ನಮ್ಮ ಹಿರಿಯರು ಉಪದೇಶ ಮಾಡದೆ ನುಡಿಗಟ್ಟಿನಲ್ಲೇ ಹೇಳಿಟ್ಟಿದ್ದಾರೆ.

ಈ ಚರ್ಚೆಗೆ ನಮ್ಮ ಕಾವೇರಿಗಿಂತ ಒಳ್ಳೆಯ ಉದಾಹರಣೆ ಬೇರೆ ಸಿಗಲಾರದು. ಶಿವನಸಮುದ್ರದ ಕೆಳಗೆ, ಮೇಕೆದಾಟಿನವರೆಗೆ, ಬೆಟ್ಟಗಳ ನಡುವೆ ಹರಿಯುವ ಹೊಳೆಯಲ್ಲಿ ಮಹಶೀರ್ ಎಂಬ ಮೀನು ಇದೆ. ದೊಡ್ಡ ಹುರುಪೆ, ದಪ್ಪ ತುಟಿ, ಸೆಳವಿಗೆ ಎದುರಾಗಿ ಈಜುವ ಕಸುವು. ಹೆಸರಿನ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಸಂಸ್ಕೃತದ 'ಮಹಾಶಿರ'ದಿಂದ ಬಂತು ಎನ್ನುವವರಿದ್ದಾರೆ. ಫಾರಸಿಯ 'ಮಾಹಿ' ಮತ್ತು 'ಶೇರ್' ಸೇರಿ ಮೀನು-ಸಿಂಹ ಆಯಿತು ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ತಮ್ಮದೆಂದು ಹೇಳಿಕೊಳ್ಳಲು ಬಯಸುವಂಥ ಮೀನು ಅದು ಎಂಬುದಂತೂ ನಿಜ.

ಇದರ ಬೆನ್ನು ಹತ್ತಿದವರ ಚರಿತ್ರೆ ದೊಡ್ಡದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ನದಿಗಳಲ್ಲಿ ಗಾಳ ಹಾಕುವುದರ ಬಗ್ಗೆ ಒಂದು ಪುಸ್ತಕ ಬರೆದ. ಬ್ರಿಟಿಷ್ ಅಧಿಕಾರಿಗಳಿಗೆ ಮಹಶೀರಿನ ಹುಚ್ಚು ಹಿಡಿಸಿದವರಲ್ಲಿ ಅವನು ಪ್ರಮುಖ. ಸತ್ತ ಹುಲಿಗಳನ್ನು ಜೀವಂತದಂತೆ ನಿಲ್ಲಿಸುವ ಕೆಲಸದಲ್ಲಿ ಲೋಕಪ್ರಸಿದ್ಧವಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಅದು ಇಂದಿಗೂ ದಾಖಲೆಯಾಗಿ ಉಳಿದಿದೆ. ಸ್ವಾತಂತ್ರ್ಯಾನಂತರ ದೊರೆಗಳು ಹೋದರು, ಗಾಳಗಳೂ ಹೋದವು. ಈ ಮೀನು ಅಳಿದೇಹೋಯಿತೇನೋ ಎಂದು ಹೊರಗಿನವರು ಅಂದುಕೊಂಡಿದ್ದಾಗ 1977-78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕುತ್ತಾ ಬಂದು, ಕಾವೇರಿಯಲ್ಲಿ ಅದು ಇನ್ನೂ ಇದೆ ಎಂದು ಜಗತ್ತಿಗೆ ತೋರಿಸಿದರು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದಷ್ಟು ಉದ್ದವನ್ನು ಗುತ್ತಿಗೆ ಪಡೆದು ಕಾವಲು ಹಾಕಿತು. ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರಗಳನ್ನು ತೆರೆಯಿತು. ಲೋಕದ ನಾನಾ ಭಾಗಗಳಿಂದ ಗಾಳಗಾರರು ಬಂದರು.

ಅವರೇನೂ ಮನಸ್ಸಿಗೆ ಬಂದಂತೆ ಹಿಡಿಯುತ್ತಿರಲಿಲ್ಲ. ಅವರಿಗೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಮೊದಲನೆಯದು, ಹಿಡಿದ ಪ್ರತಿ ಮಹಶೀರನ್ನೂ ಬಿಡಲೇಬೇಕು. ಮಳೆಗಾಲದಲ್ಲಿ, ಮೀನು ಮೊಟ್ಟೆಯಿಡುವ ಹೊತ್ತಿನಲ್ಲಿ ಗಾಳ ಹಾಕಬಾರದು. ಗಾಳದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿರಬೇಕು. ಆಗ ತುಟಿ ಹರಿಯದೆ ಕೊಂಡಿ ಕಳಚಿಕೊಳ್ಳುತ್ತದೆ. ದಾರ ಗಟ್ಟಿಯದಾಗಿರಬೇಕು. ತೆಳ್ಳನೆಯ ದಾರದಲ್ಲಿ ಗಂಟೆಗಟ್ಟಲೆ ಆಡಿಸಿದರೆ ಬಿಟ್ಟ ಮೇಲೂ ಮೀನು ದಣಿವಿನಿಂದಲೇ ಸಾಯಬಹುದು. ಮೀನನ್ನು ಒಣಗಿದ ಕೈಯಲ್ಲಿ ಮುಟ್ಟಬಾರದು. ಅದರ ಮೈಮೇಲಿನ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಕಿವಿರಿನೊಳಗೆ ಬೆರಳು ಹಾಕಿ ಎತ್ತಬಾರದು. ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡಬಾರದು. ಬಿಡುವಾಗ ತಲೆಯನ್ನು ಸೆಳವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಬಾಲ ಬಡಿದು ಹೋಗುವವರೆಗೆ ಆಸರೆಯಾಗಿ ನಿಲ್ಲಬೇಕು. ಹಿಡಿದದ್ದರ ತೂಕ, ದಿನಾಂಕ, ಎಷ್ಟು ಹೊತ್ತು ಗಾಳ ಹಾಕಿದೆ ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು.

ಇಲ್ಲೊಂದು ತಮಾಷೆಯಿದೆ. ಈ ಆಟಕ್ಕೆ ಬಳಸುವ ಪ್ರಸಿದ್ಧ ಎರೆ ಯಾವುದು ಗೊತ್ತೆ? ನಮ್ಮ ರಾಗಿ. ಬೇಯಿಸಿ, ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ ಗಾಳಕ್ಕೆ ಮೆತ್ತುತ್ತಾರೆ. ದಡದಲ್ಲಿರುವವನ ಹೊಟ್ಟೆ ತುಂಬಿಸುವ ಮುದ್ದೆ ನೀರಿನಲ್ಲಿರುವವನ ಪಾಲಿಗೆ ಮೋಸವಾಗುತ್ತದೆ.

ನಿಯಮಗಳನ್ನು ಇನ್ನೊಮ್ಮೆ ಓದಿ ನೋಡಿ. ಅವುಗಳ ಹಿಂದೆ ಕಾಳಜಿ ಇದೆ, ತಿಳಿವಳಿಕೆ ಇದೆ, ಸಂಯಮವೂ ಇದೆ. ಮಾಂಸದಂಗಡಿಯ ಮುಂದೆ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಸೈಕಲ್ಲಿಗೆ ನೇತುಹಾಕುವ ನಮ್ಮಂಥವರಿಗೆ ಈ ಗಾಳಗಾರರನ್ನು ಟೀಕಿಸುವ ಅಧಿಕಾರವಿದೆಯೇ ಎಂದು ಯಾರಾದರೂ ಕೇಳಿದರೆ ಸುಮ್ಮನಿರಬೇಕಾಗುತ್ತದೆ. ಆದರೂ ಈ ನಿಯಮಾವಳಿಯಲ್ಲಿ ಒಂದು ಪ್ರಶ್ನೆಗೆ ಜಾಗವೇ ಇಲ್ಲ. ಹೇಗೆ ಹಿಡಿಯಬೇಕು, ಯಾವಾಗ ಹಿಡಿಯಬೇಕು, ಹೇಗೆ ಬಿಡಬೇಕು ಎಂಬುದೆಲ್ಲ ಇದೆ. ಯಾಕೆ ಹಿಡಿಯಬೇಕು ಎಂಬುದು ಇಲ್ಲ. ಎಲ್ಲ ಆಟಗಳ ನಿಯಮಾವಳಿಯೂ ಹೀಗೆಯೇ. ಆಟ ಆಡಲೇಬೇಕು ಎಂದು ಒಪ್ಪಿಕೊಂಡ ಮೇಲೆ ಅವು ಶುರುವಾಗುತ್ತವೆ. ಕ್ರಿಕೆಟ್ಟಿನಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಎರಡೂ ತಂಡಗಳು ಒಪ್ಪಿ ಮೈದಾನಕ್ಕೆ ಇಳಿದಿರುತ್ತವೆ. ಈ ಆಟದಲ್ಲಿ ಒಂದು ತಂಡಕ್ಕೆ ತಾನು ಆಡುತ್ತಿದ್ದೇನೆ ಎಂಬುದೇ ತಿಳಿದಿಲ್ಲ. ಅದು ತನ್ನ ಜೀವ ಉಳಿಸಿಕೊಳ್ಳಲು ಹೋರಾಡುತ್ತಿದೆ.

'ಮೀನಿಗೆ ನೋವಾಗುವುದಿಲ್ಲ' ಎಂಬುದು ಗಾಳಗಾರರ ಹಳೆಯ ಸಮಾಧಾನ. ಅದು ಅಷ್ಟು ಗಟ್ಟಿಯಾದ ಸಮಾಧಾನವಾಗಿ ಉಳಿದಿಲ್ಲ. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಜೇನ್ನೊಣದ ವಿಷವನ್ನೂ ಆಮ್ಲವನ್ನೂ ಚುಚ್ಚಿ ಪರೀಕ್ಷಿಸಿದರು. ಮೀನುಗಳು ಮೇವು ಬಿಟ್ಟವು, ಮೈಯನ್ನು ಅತ್ತಿತ್ತ ತೂಗಿದವು, ತುಟಿಯನ್ನು ಕಲ್ಲುಹರಳಿಗೆ ಉಜ್ಜಿದವು. ನೋವು ಶಮನದ ಔಷಧ ಕೊಟ್ಟಾಗ ಈ ವರ್ತನೆ ಕಡಿಮೆಯಾಯಿತು. ಇದಕ್ಕೆ ಒಂದು ವರ್ಷ ಮೊದಲು ಅಮೆರಿಕದ ಜೇಮ್ಸ್ ರೋಸ್, ಮನುಷ್ಯನಲ್ಲಿ ನೋವಿನ ಅರಿವಿಗೆ ಬೇಕಾದ ಮಿದುಳಿನ ಹೊರಪದರವೇ ಮೀನಿನಲ್ಲಿಲ್ಲ, ಆದ್ದರಿಂದ ನಮ್ಮಂಥ ನೋವು ಅದಕ್ಕಿಲ್ಲ ಎಂದು ವಾದಿಸಿದ್ದರು. ವಿಜ್ಞಾನಿಗಳ ಜಗಳ ನಡೆಯುತ್ತಲೇ ಇದೆ. ಆದರೆ ನೀತಿಯ ಪ್ರಶ್ನೆಗೆ ಆ ಜಗಳ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಪೊದೆಯಲ್ಲಿ ಅಲುಗಾಡುತ್ತಿರುವುದು ಮೊಲವೋ ಮಗುವೋ ತಿಳಿಯದಿದ್ದಾಗ ಗುಂಡು ಹಾರಿಸದಿರುವುದೇ ವಿವೇಕ. ಅದರಲ್ಲೂ ಹಾರಿಸದಿದ್ದರೆ ನಮಗೆ ಆಗುವ ನಷ್ಟ ಒಂದು ರಜೆಯ ಮೋಜು ಮಾತ್ರ ಎಂದಾದಾಗ.

ಯೂರೋಪಿನ ಎರಡು ದೇಶಗಳು ಈ ವಿವೇಕವನ್ನು ಕಾನೂನಿಗೇ ತಂದಿವೆ. ಜರ್ಮನಿಯ ಪ್ರಾಣಿ ರಕ್ಷಣಾ ಕಾಯ್ದೆಯ ಪ್ರಕಾರ ಯುಕ್ತ ಕಾರಣವಿಲ್ಲದೆ ಕಶೇರುಕ ಪ್ರಾಣಿಗೆ ನೋವು ಕೊಡುವಂತಿಲ್ಲ. ಊಟಕ್ಕಾಗಿ ಮೀನು ಹಿಡಿಯುವುದು ಯುಕ್ತ ಕಾರಣ. ಬಿಡುವುದಕ್ಕಾಗಿಯೇ ಹಿಡಿಯುವುದು ಅಲ್ಲ. ಅಲ್ಲಿ ಗಾಳದ ಪರವಾನಗಿಗೆ ಪರೀಕ್ಷೆ ಬರೆಯಬೇಕು. ಸ್ವಿಟ್ಜರ್ಲೆಂಡಿನ 2008ರ ನಿಯಮಗಳೂ ಹೀಗೆಯೇ ಹೇಳುತ್ತವೆ. ಮತ್ತೆ ಬಿಡುವ ಉದ್ದೇಶ ಇಟ್ಟುಕೊಂಡು ಗಾಳ ಹಾಕುವುದು ಅಪರಾಧ. ಈ ವಿಪರ್ಯಾಸವನ್ನು ಗಮನಿಸಿ. ಗಾಳಿಬೋರೆಯಲ್ಲಿ ತಿಂದವನು ಕಳ್ಳ, ಬಿಟ್ಟವನು ಸಭ್ಯ. ಜರ್ಮನಿಯಲ್ಲಿ ತಿಂದವನು ಸಭ್ಯ, ಬಿಟ್ಟವನೇ ಅಪರಾಧಿ. ಮೀನು ಎರಡೂ ಕಡೆ ಮೀನೇ. ಕಾವೇರಿಯ ಕಡೆಯವರು ಕೇಳುವುದು 'ಮೀನಿನ ಕುಲ ಉಳಿಯಿತೇ?' ಎಂದು. ಜರ್ಮನಿಯವರು ಕೇಳುವುದು 'ಈ ಒಂದು ಮೀನಿಗೆ ಏನಾಯಿತು?' ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕುಲವನ್ನು ನೋಡುವವನಿಗೆ ಒಂದು ಮೀನಿನ ನೋವು ಕಾಣಿಸುವುದಿಲ್ಲ, ಒಂದು ಮೀನನ್ನು ನೋಡುವವನಿಗೆ ಹೊಳೆ ಕಾಣಿಸುವುದಿಲ್ಲ.

ನಮ್ಮ ಮನೆಗಳಲ್ಲಿ ಮೀನಿನ ಬಗ್ಗೆ ಒಂದು ವಿಶೇಷ ಸಡಿಲಿಕೆಯಿದೆ. ಕುರಿ ಕೋಳಿಗಳಿಗೆ ಅಲ್ಲಾಹನ ಹೆಸರು ಹೇಳಿ ಕತ್ತಿ ಹಾಯಿಸಲೇಬೇಕು. ಮೀನಿಗೆ ಅದು ಬೇಕಿಲ್ಲ. ನೀರಿನಿಂದ ಹೊರಬಂದರೆ ಸಾಕು, ಹಲಾಲ್. ಆ ಸಡಿಲಿಕೆಯಿಂದಲೋ ಏನೋ, ಮೀನಿಗೂ ಒಂದು ಸಂಕಟ ಇದ್ದೀತು ಎಂದು ಯೋಚಿಸುವ ಅಭ್ಯಾಸವೇ ನಮಗೆ ಬರಲಿಲ್ಲ. ಆದರೆ ಈ ಸಡಿಲಿಕೆ ಇರುವುದು ಆಹಾರಕ್ಕೆ. ಮೋಜಿನ ಮಾತು ಬಂದಾಗ ಪ್ರವಾದಿಯವರ(ಸ) ನಿಲುವು ಬಿಗಿಯಾಗಿತ್ತು. ಜೀವವಿರುವ ಯಾವುದನ್ನೂ ಆಟದ ಗುರಿಯಾಗಿ ಇಟ್ಟುಕೊಳ್ಳಬಾರದು ಎಂದರು. ಕಾರಣವಿಲ್ಲದೆ ಕೊಂದ ಗುಬ್ಬಚ್ಚಿ ಕೂಡ ಅಂತ್ಯದಿನ ದೂರು ಹೇಳುತ್ತದೆ ಎಂಬ ಹದೀಸನ್ನು ಮದರಸದಲ್ಲಿ ಓದಿದವರೆಲ್ಲ ಕೇಳಿದ್ದಾರೆ.

ಮೀನು ಮತ್ತು ನಿಯಮ ಎಂದಾಗ ನೆನಪಾಗಲೇಬೇಕಾದ ಇನ್ನೊಂದು ಕಥೆ ಸಬ್ತ್‌ನವರದು. ಕಡಲ ದಂಡೆಯ ಒಂದು ಊರಿನವರಿಗೆ ಶನಿವಾರ ಮೀನು ಹಿಡಿಯಬಾರದು ಎಂಬ ಕಟ್ಟಳೆಯಿತ್ತು. ಅವರ ಪರೀಕ್ಷೆಗೆಂದೇ ಶನಿವಾರ ಮೀನುಗಳು ದಂಡೆಗೆ ಹಿಂಡುಹಿಂಡಾಗಿ ಬರುತ್ತಿದ್ದವು, ಉಳಿದ ದಿನ ಕಾಣಿಸುತ್ತಿರಲಿಲ್ಲ. ಆಗ ಕೆಲವರು ಉಪಾಯ ಮಾಡಿದರು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಶುಕ್ರವಾರವೇ ಬಲೆ ಕಟ್ಟಿ, ಗುಂಡಿ ತೋಡಿ ಇಟ್ಟು, ಭಾನುವಾರ ಹೋಗಿ ಎತ್ತಿಕೊಂಡರು. ಕಟ್ಟಳೆಯ ಅಕ್ಷರ ಎಲ್ಲೂ ಮುರಿಯಲಿಲ್ಲ. ಅದರ ಪ್ರಾಣ ಮಾತ್ರ ಹೋಯಿತು. ಈ ಕಥೆಯಲ್ಲಿ ನನ್ನನ್ನು ಕಾಡುವುದು ಉಪಾಯ ಮಾಡಿದವರಿಗಿಂತ ಹೆಚ್ಚಾಗಿ ಊರಿನ ಇನ್ನೊಂದು ಗುಂಪು. ತಪ್ಪು ಮಾಡುತ್ತಿದ್ದವರಿಗೆ ಬುದ್ಧಿ ಹೇಳುತ್ತಿದ್ದವರನ್ನು ಕಂಡು, 'ಇವರಿಗೆ ಹೇಳಿ ಏನು ಪ್ರಯೋಜನ?' ಎಂದು ಕೇಳಿದವರು. ಅವರು ನಿಯಮ ಪಾಲಿಸುತ್ತಿದ್ದರು. ಆದರೆ ನಿಯಮ ಮುರಿಯುವವರ ಎದುರು ನಿಲ್ಲುವುದು ತಮ್ಮ ಕೆಲಸ ಎಂದುಕೊಂಡಿರಲಿಲ್ಲ.

ಇಲ್ಲಿಯವರೆಗಿನ ಮಾತು ಕೇಳಿದರೆ ಗಾಳವನ್ನು ಒಮ್ಮೆಗೇ ನಿಷೇಧಿಸಿಬಿಟ್ಟರೆ ಮುಗಿಯಿತು ಎನಿಸುತ್ತದೆ. ಕಾವೇರಿಯಲ್ಲಿ ಹಾಗೆಯೇ ಆಯಿತು. ಈ ಪ್ರದೇಶ 1987ರಲ್ಲಿ ಅಭಯಾರಣ್ಯವಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಲ್ಲಿ 'ಪ್ರಾಣಿ' ಎಂಬ ಪದದ ಅರ್ಥದೊಳಗೆ ಮೀನಿನ ಹೆಸರೂ ಸೇರಿತು. ಅಭಯಾರಣ್ಯದೊಳಗೆ ಹುಲಿಗೆ ಬಂದೂಕು ಹಿಡಿಯಬಾರದಾದರೆ ಮೀನಿಗೆ ಗಾಳ ಯಾಕೆ ಎಂಬ ನಿಲುವು ಗಟ್ಟಿಯಾಗಿ, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು. ತರ್ಕ ಸರಿಯಾಗಿಯೇ ಇತ್ತು.

ಆದರೆ ಹೊಳೆಗೆ ತರ್ಕವೊಂದೇ ಸಾಲುವುದಿಲ್ಲ. ಗಾಳದ ಶಿಬಿರಗಳು ನಡೆಯುತ್ತಿದ್ದಾಗ ಅಲ್ಲಿ ಹರಿಗೋಲು ನಡೆಸುತ್ತಿದ್ದವರು, ಮೀನಿನ ಜಾಡು ತೋರಿಸುತ್ತಿದ್ದವರು, ರಾತ್ರಿ ಕಾವಲು ಕಾಯುತ್ತಿದ್ದವರು ಅಕ್ಕಪಕ್ಕದ ಹಳ್ಳಿಗಳವರು. ಅವರಲ್ಲಿ ಹಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಹೊಳೆಗೆ ನಾಡಬಾಂಬು ಎಸೆದರೆ ಒಂದು ಕ್ಷಣದಲ್ಲಿ ಮಡುವಿನ ಎಲ್ಲ ಮೀನೂ, ಮರಿಯೂ, ಮೊಟ್ಟೆಯೂ ಸತ್ತು ತೇಲುತ್ತವೆ. ಬಾಂಬು ಹಾಕುವುದನ್ನೂ ವಿಷ ಬೆರೆಸುವುದನ್ನೂ 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯೇ ನಿಷೇಧಿಸಿತ್ತು. ನೂರು ವರ್ಷ ದಾಟಿದರೂ ಅದು ನಿಂತಿಲ್ಲ. ಕಾನೂನು ಕಾಗದದಲ್ಲಿರುತ್ತದೆ, ದಡದಲ್ಲಿ ಮನುಷ್ಯ ಇರಬೇಕಾಗುತ್ತದೆ. ಗಾಳಗಾರರ ಹಣ ಆ ಮನುಷ್ಯನನ್ನು ದಡದಲ್ಲಿ ಇಟ್ಟಿತ್ತು. ಗಾಳ ಹೋದ ಮೇಲೆ ಕಾವಲೂ ತೆಳುವಾಯಿತು ಎಂಬುದು ಗಾಳಗಾರರ ದೂರು. ಅದರಲ್ಲಿ ಸ್ವಾರ್ಥ ಇದೆ ಎನ್ನಬಹುದು. ಸುಳ್ಳು ಎಂದು ತಳ್ಳಿಹಾಕುವುದು ಕಷ್ಟ.

ಗಾಳಗಾರರ ಪರವಾಗಿ ಹೇಳಬೇಕಾದ ಇನ್ನೊಂದು ಮಾತಿದೆ, ಅವರ ಲೆಕ್ಕದ ಪುಸ್ತಕದ್ದು. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಯನ್ನು ವಿಜ್ಞಾನಿಗಳು ನಂತರ ಕೂಡಿಸಿ ನೋಡಿದರು. 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್‌ಗಳು ಸಿಕ್ಕಿ, ಬಿಡುಗಡೆಯಾಗಿದ್ದವು. ವರ್ಷದಿಂದ ವರ್ಷಕ್ಕೆ ಸಿಕ್ಕ ಮೀನಿನ ಸಂಖ್ಯೆ ಏರಿತ್ತು. ಅಷ್ಟನ್ನೇ ನೋಡಿದರೆ ಗೆಲುವಿನ ಕಥೆ. ಆದರೆ ಅದೇ ಪುಸ್ತಕ ಇನ್ನೊಂದು ಸತ್ಯವನ್ನೂ ಹೇಳಿತು. ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಈ ಹೊಳೆಯ ಮೂಲನಿವಾಸಿಯಲ್ಲ. ಲೋಣಾವಳದ ಟಾಟಾ ಮೀನು ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿ, 1970ರ ದಶಕದ ನಂತರ ಹಲವು ನದಿಗಳಿಗೆ ಹಂಚಿದ ಜಾತಿ ಅದು. ಕಾವೇರಿಗೇ ಸೇರಿದ್ದ, ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಮಹಶೀರ್, ಅಂದರೆ ವ್ಯಾನ್ ಇಂಗೆನ್ನರ ಕಾಲದಿಂದ ಲೋಕವನ್ನು ಇಲ್ಲಿಗೆ ಎಳೆದು ತಂದ ಆ ಮೀನು, ಪುಸ್ತಕದಿಂದ ನಿಧಾನವಾಗಿ ಅಳಿಸಿಹೋಗುತ್ತಾ ಬಂದಿತ್ತು. ನೂರೈವತ್ತು ವರ್ಷಗಳ ಪ್ರಸಿದ್ಧಿಯಿದ್ದರೂ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಸಹ ಗೊತ್ತುಪಡಿಸಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಮೊದಲೇ ಇಟ್ಟಿದ್ದ 'ಟೋರ್ ರೆಮಾದೇವಿ' ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆ ಎಂದು ತೀರ್ಮಾನವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರಿಡುವುದೂ ಮರಣಪತ್ರ ಬರೆಯುವುದೂ ಜೊತೆಜೊತೆಗೇ ಆದಂತಾಯಿತು. ಈಗ ಅದರ ಸಂತತಿ ಮುಖ್ಯವಾಗಿ ಉಳಿದಿರುವುದು ಮೋಯಾರ್ ಹೊಳೆಯಲ್ಲಿ.

ಯಾರೂ ಕೆಟ್ಟ ಉದ್ದೇಶದಿಂದ ಮರಿ ತಂದು ಬಿಡಲಿಲ್ಲ. ಹೊಳೆ ಬರಿದಾಗುತ್ತಿದೆ, ತುಂಬಿಸೋಣ ಎಂದೇ ಬಿಟ್ಟರು. ಅಣೆಕಟ್ಟು, ಮರಳು ಲೂಟಿ, ಬಾಂಬು, ಇವೆಲ್ಲವೂ ಮೂಲದ ಮೀನಿನ ಅವನತಿಯಲ್ಲಿ ಪಾಲುದಾರರು. ಆದರೆ ಪ್ರೀತಿಯಿಂದ ಮಾಡಿದ ಕೆಲಸವೂ ಆ ಪಾಲುದಾರರ ಸಾಲಿನಲ್ಲಿ ನಿಂತಿದೆ ಎಂಬುದನ್ನು ಮರೆಯುವಂತಿಲ್ಲ. ಗಾಳಗಾರನಿಗೆ ಬೇಕಾಗಿದ್ದದ್ದು ಸೆಣಸುವ ಒಂದು ದೊಡ್ಡ ಮೀನು. ಅದು ಯಾವ ಮೀನು ಎಂಬುದು ಆಟಕ್ಕೆ ಅಷ್ಟು ಮುಖ್ಯವಲ್ಲ. ಹೊಳೆಗೆ ಅದು ಮುಖ್ಯ. ನಮ್ಮ ಖುಷಿಯ ಮೂಲಕ ಒಂದು ಜೀವವನ್ನು ಪ್ರೀತಿಸಿದರೆ ಆಗುವ ತೊಂದರೆ ಇದೇ. ಖುಷಿ ಸಿಗುತ್ತಿರುವವರೆಗೆ ಏನು ಕಳೆದುಹೋಗಿದೆ ಎಂಬುದು ಗಮನಕ್ಕೆ ಬರುವುದಿಲ್ಲ. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ನಷ್ಟ ನಮಗೆ ತಿಳಿದದ್ದು ಬಹುಮಟ್ಟಿಗೆ ಅವರೇ ಪ್ರಾಮಾಣಿಕವಾಗಿ ಬರೆದಿಟ್ಟ ಪುಸ್ತಕದಿಂದ. ನಿಯಮ ಪಾಲಿಸುವ ಶಿಸ್ತು ಅವರ ವಿರುದ್ಧವೇ ಸಾಕ್ಷಿ ಹೇಳಿತು. ಒಳ್ಳೆಯ ನಿಯಮದ ಲಕ್ಷಣ ಅದು.

ಈಗ ನಮ್ಮ ಮೊದಲನೆಯವನ ಕಡೆಗೆ ಬರೋಣ, ಚೀಲದವನ ಕಡೆಗೆ. ಕೆಲವು ವರ್ಷಗಳ ಹಿಂದೆ ಮುತ್ತತ್ತಿಯ ಕಡೆ ಹೋಗಿದ್ದಾಗ ಹೊಳೆದಂಡೆಯಲ್ಲಿ ಕೂತಿದ್ದ ಹಿರಿಯನೊಬ್ಬನ ಜೊತೆ ಬೀಡಿ ಹಂಚಿಕೊಂಡು ಮಾತಿಗೆ ಕುಳಿತಿದ್ದೆ. ಗಾಳದ ದೊರೆಗಳ ಸುದ್ದಿ ಬಂತು. ಆತ ನಗುತ್ತಾ ಹೇಳಿದ: "ನೋಡಿ ಸಾಬ್ರೇ, ಅವ್ರು ಬಿಟ್ಟ ಮೀನ ನಾವು ಹಿಡುದ್ರೆ ಜೈಲು. ನಾವು ಬಿಟ್ಟ ಮೀನ ಅವ್ರು ಹಿಡುದ್ರೆ ಫೋಟ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ತಲೆತಲಾಂತರದಿಂದ ಕಂಡ ಹೊಳೆಗೆ ತಾನು ಯಾವಾಗ ಕಳ್ಳನಾದೆ ಎಂಬ ಸಣ್ಣ ಬೆರಗಿತ್ತು. "ನೀವು ಬಾಂಬ್ ಹಾಕ್ತಿದ್ರಾ ಅಜ್ಜಾ?" ಎಂದು ಕೇಳಿದೆ. "ಅದು ಹಿಡಿಯೋದಲ್ಲ ಸಾಬ್ರೇ, ಅದು ಹೊಳೆ ಕೊಲ್ಲೋದು" ಎಂದ.

ಆ ಹಿರಿಯ ಮಾಡಿದ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮ ಕಾನೂನುಗಳು ಬೀಸುಬಲೆಯವನನ್ನೂ ಬಾಂಬಿನವನನ್ನೂ ಒಂದೇ ಲಾರಿಗೆ ಹತ್ತಿಸುತ್ತವೆ. ಹಸಿವಿಗೆ ಒಂದು ಮಿತಿಯಿದೆ. ಹೊಟ್ಟೆ ತುಂಬಿದರೆ ಬಲೆ ಮಡಚುತ್ತದೆ. ಬಾಂಬು ಎಸೆಯುವವನು ಹಸಿದವನಲ್ಲ, ಅವನು ಪೇಟೆಗೆ ಮೀನು ಕಳಿಸುವವನು. ಪೇಟೆಗೆ ಹೊಟ್ಟೆ ತುಂಬುವುದೇ ಇಲ್ಲ. ಖುಷಿಯ ಗಾಳವೂ ಒಂದು ರೀತಿಯಲ್ಲಿ ಹೀಗೆಯೇ. ಅದಕ್ಕೂ ತುಂಬುವ ಹೊಟ್ಟೆಯಿಲ್ಲ. ಇವತ್ತು ಮೂವತ್ತು ಕಿಲೋದ ಮೀನು ಸಿಕ್ಕರೆ ನಾಳೆ ನಲವತ್ತರದು ಬೇಕು. ಅದಕ್ಕೇ ಅದಕ್ಕೆ ಹೊರಗಿನಿಂದ ಅಷ್ಟೊಂದು ನಿಯಮಗಳು ಬೇಕಾಗುತ್ತವೆ. ಆದರೆ ಒಂದು ಮಾತನ್ನು ಹಿರಿಯನಿಗೂ ಹೇಳಬೇಕು. ಕುಲವೇ ಅಳಿಯುತ್ತಿರುವ ಮೀನಿನ ವಿಷಯದಲ್ಲಿ ಹಸಿವಿನ ಹಕ್ಕಿಗೂ ಮಿತಿ ಬರುತ್ತದೆ. ಕೊನೆಯ ಹತ್ತು ಮೀನುಗಳಲ್ಲಿ ಒಂದನ್ನು ತಿನ್ನುವವನು ತನ್ನ ಮೊಮ್ಮಗನ ತಟ್ಟೆಯಿಂದ ತಿನ್ನುತ್ತಾನೆ. ಆ ಮಿತಿಯನ್ನು ಅವನ ಮೇಲೆ ಹೇರುವ ನಾವು ಅವನ ಹಸಿವಿಗೆ ಬೇರೆ ದಾರಿ ತೋರಿಸಬೇಕು. ಅದಿಲ್ಲದ ನಿಯಮ ಬರೀ ದರ್ಪ.

ಮುಟ್ಟದೆಯೇ ಉಳಿಸುವ ಮೂರನೆಯ ದಾರಿಯೂ ನಮ್ಮ ನಾಡಿನಲ್ಲಿತ್ತು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವಸ್ಥಾನದ ಮುಂದಿನ ಮಡುವಿನ ಮೀನುಗಳನ್ನು ದೇವರ ಮೀನು ಎಂದು ಯಾರೂ ಹಿಡಿಯುವುದಿಲ್ಲ. ಅಲ್ಲಿ ಪರವಾನಗಿ ಇಲ್ಲ, ಪರೀಕ್ಷೆ ಇಲ್ಲ. ಇದು ಹಿಡಿಯುವುದಕ್ಕಲ್ಲ ಎಂಬ ಒಂದೇ ಒಪ್ಪಂದ. ಆದರೆ 1996ರಲ್ಲಿ ಯಾರೋ ದುಷ್ಟರು ಶಿಶಿಲದ ಹೊಳೆಗೆ ವಿಷ ಬೆರೆಸಿದರು. ಮೀನುಗಳು ರಾಶಿರಾಶಿಯಾಗಿ ಸತ್ತವು. ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ಎಂಬುದಕ್ಕೆ ಆ ಊರಿನ ಬಗ್ಗೆ ನನಗೆ ಗೌರವವಿದೆ. ಆದರೆ ಶ್ರದ್ಧೆ ಇಲ್ಲದವನ ಕೈಯನ್ನು ಶ್ರದ್ಧೆ ತಡೆಯಲಾರದು ಎಂಬ ಪಾಠವನ್ನೂ ಆ ಸ್ಮಾರಕ ಹೇಳುತ್ತದೆ. ಮಡುವಿನಿಂದ ನಾಲ್ಕು ಮಾರು ಕೆಳಗೆ ಹೋದರೆ ಅದೇ ಮೀನು ದೇವರದ್ದಾಗಿ ಉಳಿಯುವುದೂ ಇಲ್ಲ.

ಹಾಗಾದರೆ ನಮ್ಮ ತೀರ್ಪೇನು? ನನ್ನ ಮಟ್ಟಿಗೆ ಹೇಳುವುದಾದರೆ, ಖುಷಿಯೊಂದೇ ಒಂದು ಜೀವದ ಬಾಯಿಗೆ ಮುಳ್ಳು ಚುಚ್ಚಲು ಸಾಕಾದ ಕಾರಣವಲ್ಲ. ಆಮೇಲೆ ಎಷ್ಟು ಮೃದುವಾಗಿ ಬಿಟ್ಟರೂ ಅಲ್ಲ. ಬಿಟ್ಟದ್ದನ್ನು ಪುಣ್ಯ ಎಂದು ಬರೆದುಕೊಳ್ಳುವುದಂತೂ ಸಲ್ಲದು. ನಾವೇ ಕಿತ್ತುಕೊಂಡಿದ್ದನ್ನು ಹಿಂತಿರುಗಿಸುವುದು ದಾನವಲ್ಲ. ಆದರೆ ಗಾಳಗಾರನನ್ನು ದಡದಿಂದ ಎಬ್ಬಿಸಿ ಕಳಿಸಿದವರು ಅವನ ಜಾಗದಲ್ಲಿ ತಾವು ನಿಲ್ಲಬೇಕು. ಅವನು ಕೊಡುತ್ತಿದ್ದ ಕಾವಲಿನ ಸಂಬಳವನ್ನು ಸರ್ಕಾರ ಕೊಡಬೇಕು, ಅವನು ಬರೆಯುತ್ತಿದ್ದ ಲೆಕ್ಕವನ್ನು ಯಾರಾದರೂ ಬರೆಯಬೇಕು. ನೀರಿನಲ್ಲಿ ಉಳಿದ ಜೀವಕಣಗಳನ್ನು ಪರೀಕ್ಷಿಸಿ, ಮೀನನ್ನು ಮುಟ್ಟದೆಯೇ ಅದು ಇದೆಯೋ ಇಲ್ಲವೋ ತಿಳಿಯುವ ವಿದ್ಯೆ ಇಂದು ಇದೆ. ಗಾಳವನ್ನು ನಿಷೇಧಿಸಿ ಕೈತೊಳೆದುಕೊಂಡು, ಬಾಂಬಿನ ಸದ್ದಿಗೆ ಕಿವುಡಾದರೆ ನಾವು ಸಬ್ತ್‌ನ ಊರಿನ ಆ ಸುಮ್ಮನಿದ್ದವರ ಸಾಲಿಗೆ ಸೇರುತ್ತೇವೆ. ಮೇಕೆದಾಟಿನಲ್ಲಿ ಅಣೆಕಟ್ಟು ಕಟ್ಟುವ ಪ್ರಸ್ತಾಪ ಬಹಳ ಕಾಲದಿಂದ ಇದೆ. ಅದು ಎದ್ದರೆ ಈ ಹರಿಯುವ ಹೊಳೆಯ ಬಹುಭಾಗ, ಸಾವಿರಾರು ಹೆಕ್ಟೇರ್ ಕಾಡಿನೊಂದಿಗೆ, ನಿಂತ ನೀರಾಗುತ್ತದೆ. ಬೆಂಗಳೂರಿನ ನಲ್ಲಿಗೆ ಆ ನೀರು ಬೇಕು ಎನ್ನುತ್ತಾರೆ. ಗಾಳ ಹಿಡಿಯದ, ಮೀನು ತಿನ್ನದ, ಹೊಳೆಯನ್ನೇ ನೋಡದ ನಾವೆಲ್ಲ ಆಗ ಈ ಪ್ರಶ್ನೆಯೊಳಗೆ ಬರುತ್ತೇವೆ. ನಮ್ಮ ಕೈಯಲ್ಲಿ ಗಾಳ ಇರುವುದಿಲ್ಲ, ಕೊಡ ಇರುತ್ತದೆ.

ಆದ್ದರಿಂದ ದಡದ ಮೇಲೆ ಇಬ್ಬರಲ್ಲ, ಮೂವರು ನಿಂತಿದ್ದಾರೆ ಎನ್ನಬೇಕು. ಹಸಿದವನಿಗೆ ಒಂದು ಉತ್ತರವಿದೆ. ಆಟಗಾರನಿಗೆ ಅರ್ಧ ಉತ್ತರವಿದೆ. ಅವನು ನಿಯಮವನ್ನಾದರೂ ಬರೆದುಕೊಂಡ, ಲೆಕ್ಕವನ್ನಾದರೂ ಇಟ್ಟ. ಮೂರನೆಯವನು ಯಾವ ನಿಯಮವನ್ನೂ ಬರೆದುಕೊಂಡಿಲ್ಲ. ಎಷ್ಟು ನೀರು ಸಾಕು, ಎಷ್ಟು ಹೊಳೆಯನ್ನು ಹೊಳೆಯಾಗಿ ಬಿಡಬೇಕು ಎಂದು ಅವನನ್ನು ಇನ್ನೂ ಯಾರೂ ಕೇಳಿಲ್ಲ. ಕೇಳುವ ಕೆಲಸ ನಮ್ಮ ನಮ್ಮ ಮನೆಯ ನಲ್ಲಿಯಿಂದ ಶುರುವಾಗಬೇಕು.